ಮನಿ ಸಾಲ ಬೇರೆ ಬ್ಯಾಂಕಿಗೆ ಹಾಕಿ ಇಎಂಐ ಇಳಿಸೋದು ಹೆಂಗ? ಬಳ್ಳಾರಿ, ಕೊಪ್ಪಳ, ರಾಯಚೂರಿನವ್ರಿಗೆ

ತೋರಣಗಲ್ಲಿನ ಸ್ಟೀಲ್ ಪ್ಲಾಂಟಿನವ್ರು, ಶಕ್ತಿನಗರದ ಥರ್ಮಲ್ ನೌಕರರು, ಗಂಗಾವತಿಯಾಗ ಅಕ್ಕಿ ವ್ಯಾಪಾರ ಮಾಡೋವ್ರು, ಸಾಲಿ ಮಾಸ್ತರು, ಯಾರೇ ಇರ್ಲಿ ಕೇಳೋ ಪ್ರಶ್ನೆ ಒಂದೇ. "ರಿಪೋ ರೇಟ್ ಇಳೀತು ಅಂತ ಟಿವಿಯಾಗ ಬಂತಲ್ರಿ, ನನ್ನ ಇಎಂಐ ಯಾಕ ಹಂಗೇ ಐತಿ? ಬೇರೆ ಬ್ಯಾಂಕಿಗೆ ಹಾಕಿದ್ರ ಕಮ್ಮಿ ಆಗ್ತೈತಾ?" ಆಗ್ತೈತಿ, ಆದ್ರ ಎಲ್ಲಾರಿಗೂ ಅಲ್ಲ. ಇಎಂಐ ಕಮ್ಮಿ ಆದವ್ರೆಲ್ಲಾ ಲಾಭದಾಗ ಇರ್ತಾರಂತನೂ ಅಲ್ಲ, ಅದನ್ನ ಕೆಳಗ ಲೆಕ್ಕ ಹಾಕಿ ತೋರಿಸ್ತೀನಿ.

ರಿಪೋ ರೇಟ್ ಅಂದ್ರ ಆರ್‌ಬಿಐ ಬ್ಯಾಂಕುಗಳಿಗೆ ಅಲ್ಪಾವಧಿಗೆ ಸಾಲ ಕೊಡೋ ಬಡ್ಡಿ. 2022ರ ಮೇ ತಿಂಗಳಿಗಿಂತ ಮೊದ್ಲು ಇದು 4 ಪರ್ಸೆಂಟ್ ಇತ್ತು, ಏರ್ತಾ ಏರ್ತಾ 2023ರ ಫೆಬ್ರವರಿಗೆ 6.50ಕ್ಕೆ ಹೋಗಿ ಎರಡು ವರ್ಷ ಅಲ್ಲೇ ಕುಂತಿತು. 2025ರಾಗ ಫೆಬ್ರವರಿ, ಏಪ್ರಿಲ್, ಜೂನ್, ಡಿಸೆಂಬರ್ ಹಿಂಗ ನಾಕು ಸಲ ಇಳಿದು 5.25ಕ್ಕೆ ಬಂತು. ಅಂದ್ರ ಒಂದೂಕಾಲು ಪರ್ಸೆಂಟ್ ಇಳಿಕೆ. ಇದು ನಿಮ್ಮ ಸಾಲಕ್ಕ ಮುಟ್ಟೈತೋ ಇಲ್ಲೋ ಅನ್ನೋದೇ ಮೊದಲ್ನೇ ಪ್ರಶ್ನೆ.

ಸಾಲ ಒಂದು ಬ್ಯಾಂಕಿನಿಂದ ಇನ್ನೊಂದಕ್ಕ ಹಾಕೋದಕ್ಕ ಬ್ಯಾಲೆನ್ಸ್ ಟ್ರಾನ್ಸ್‌ಫರ್ ಅಂತಾರ, ಏಜೆಂಟರು ಬಾಯಿತುಂಬ "ಬಿಟಿ ಬಿಟಿ" ಅನ್ನೋದು ಇದಕ್ಕೇ. ಹೊಸ ಬ್ಯಾಂಕ್ ಹಳೇ ಬ್ಯಾಂಕಿನ ಬಾಕಿ ಪೂರ್ತಿ ಕಟ್ಟಿ ನಿಮ್ಮ ಮನಿ ಕಾಗದ ತನ್ನ ಹತ್ರ ಇಟ್ಕೊಂತೈತಿ, ನೀವು ಇನ್ಮ್ಯಾಲ ಅವ್ರಿಗೆ ಕಂತು ಕಟ್ತೀರಿ. ಅಷ್ಟೇ ವಿಷಯ. ಕಷ್ಟ ಇರೋದು ಕಾಗದದಾಗ.

1. ಮೊದ್ಲು ನಾಕು ಅಂಕಿ ಬರ್ಕೊಳ್ರಿ

ಬ್ಯಾಂಕಿನ ಆ್ಯಪ್‌ನ್ಯಾಗೋ ಇಲ್ಲಾ ಬ್ರಾಂಚಿಗೆ ಹೋಗಿಯೋ ಲೋನ್ ಸ್ಟೇಟ್‌ಮೆಂಟ್ ತಗೊಳ್ರಿ. ಅದ್ರಾಗ ಬಾಕಿ ಅಸಲು ಎಷ್ಟು, ಈಗಿನ ಬಡ್ಡಿ ಎಷ್ಟು, ಉಳಿದಿರೋ ತಿಂಗಳು ಎಷ್ಟು, ಇಎಂಐ ಎಷ್ಟು ಅನ್ನೋದನ್ನ ಒಂದು ಹಾಳ್ಯಾಗ ಬರ್ಕೊಳ್ರಿ. ಭಾಳ ಮಂದಿ ಇಎಂಐ ಒಂದೇ ನೋಡ್ತಾರ, ಉಳಿದ ತಿಂಗಳು ನೋಡಂಗೇ ಇಲ್ಲ. ಅಲ್ಲೇ ಪೆಟ್ಟು ಬಿದ್ದಿರ್ತೈತಿ, ಯಾಕಂದ್ರ 2022-23ರಾಗ ಬಡ್ಡಿ ಏರಿದಾಗ ಬ್ಯಾಂಕುಗಳು ಹೆಚ್ಚಾಗಿ ಇಎಂಐ ಮುಟ್ಟದೇ ಅವಧಿ ಉದ್ದ ಮಾಡಿದ್ವು, ಹಂಗಾಗಿ ಐದು ವರ್ಷ ಕಂತು ಕಟ್ಟಿದವ್ರಿಗೂ "ಇನ್ನಾ ಇಪ್ಪತ್ತು ವರ್ಷ ಐತಿ" ಅಂತ ಸ್ಟೇಟ್‌ಮೆಂಟ್ ತೋರಿಸಿದ್ದುಂಟು. ಬಡ್ಡಿ ಬದಲಾದಾಗ ಇಎಂಐ ಏರಿಸ್ಲೋ ಅವಧಿ ಏರಿಸ್ಲೋ ಅಂತ ಸಾಲಗಾರಂಗೆ ಆಯ್ಕೆ ಕೊಡ್ಬೇಕು ಅಂತ ಆರ್‌ಬಿಐ 2023ರ ಆಗಸ್ಟಿನ್ಯಾಗ ಹೇಳೈತಿ. ನಿಮ್ಮನ್ನ ಯಾರೂ ಕೇಳಿಲ್ಲಾಂದ್ರ ಈಗ ನೀವು ಕೇಳ್ರಿ.

ಆಮ್ಯಾಲ ನಿಮ್ಮ ಬಡ್ಡಿ ಯಾವುದಕ್ಕ ಕಟ್ಟಿ ಹಾಕೈತಿ ಅಂತ ನೋಡ್ರಿ. 2019ರ ಅಕ್ಟೋಬರ್ 1ರಿಂದ ಈಚೆ ಬ್ಯಾಂಕಿನ್ಯಾಗ ಫ್ಲೋಟಿಂಗ್, ಅಂದ್ರ ಏರಿಳಿಯೋ ಬಡ್ಡಿಗೆ ತಗೊಂಡಿದ್ರ ಅದು ಹೊರಗಿನ ಬೆಂಚ್‌ಮಾರ್ಕಿಗೆ, ಹೆಚ್ಚಾಗಿ ರಿಪೋಕ್ಕೇ, ಜೋಡಿಸಿರ್ತೈತಿ, ಇದಕ್ಕ ಇಬಿಎಲ್‌ಆರ್ ಇಲ್ಲಾ ಆರ್‌ಎಲ್‌ಎಲ್‌ಆರ್ ಅಂತಾರ, ಕನಿಷ್ಠ ಮೂರು ತಿಂಗಳಿಗೊಮ್ಮೆ ರೀಸೆಟ್ ಆಗ್ಲೇಬೇಕು. ಅದಕ್ಕೂ ಮೊದ್ಲಿನ ಸಾಲ ಆದ್ರ ಎಂಸಿಎಲ್‌ಆರ್, ಅದು 2016ರ ಏಪ್ರಿಲ್‌ನಿಂದ ಬಂದಿದ್ದು. ಇನ್ನೂ ಹಳೇದು ಬೇಸ್ ರೇಟ್. ಇವೆರಡೂ ಬ್ಯಾಂಕಿನ ಒಳಗಿನ ಲೆಕ್ಕ, ಭಾಳ ನಿಧಾನಕ್ಕ ಇಳೀತಾವು. ಇನ್ನು ಹೌಸಿಂಗ್ ಫೈನಾನ್ಸ್ ಕಂಪನಿಯಾಗ ತಗೊಂಡವ್ರಿಗೆ ಈ ರಿಪೋ ಕಾನೂನು ಅನ್ವಯನೇ ಆಗಲ್ಲ, ಅವ್ರು ತಮ್ಮದೇ ಪಿಎಲ್‌ಆರ್ ಅನ್ನೋ ದರ ಇಟ್ಕೊಂಡಿರ್ತಾರ, ಇಳಿಸ್ಬೇಕು ಅನ್ಸಿದಾಗ ಇಳಿಸ್ತಾರ. ನಮ್ಮ ಕಡೆ ಸರ್ಕಾರಿ ಬ್ಯಾಂಕ್ ಕಾಗದ ನೋಡಿ "ಆಗಲ್ಲ" ಅಂದಾಗ ಮಂದಿ ಹೋಗೋದು ಇಂಥ ಕಂಪನಿಗೇ, ಅದಕ್ಕ ಟ್ರಾನ್ಸ್‌ಫರ್‌ನಿಂದ ಹೆಚ್ಚು ಲಾಭ ಆಗೋರೂ ಅವ್ರೇ, ಕಾಗದದ ತಲೆನೋವು ಹೆಚ್ಚು ಇರೋರೂ ಅವ್ರೇ.

2. ಲೆಕ್ಕ ಹಾಕ್ರಿ, ಏಜೆಂಟ್ ಹಾಕಿಕೊಟ್ಟಿದ್ದು ಬ್ಯಾಡ

ಉದಾಹರಣೆಗೆ ಬಾಕಿ ಅಸಲು 25 ಲಕ್ಷ, ಉಳಿದಿದ್ದು 15 ವರ್ಷ ಅಂದ್ರ 180 ತಿಂಗಳು, ಬಡ್ಡಿ 9.5 ಪರ್ಸೆಂಟ್ ಅಂತ ಇಟ್ಕೊಳ್ರಿ. ಇಎಂಐ ಸುಮಾರು 26,106 ರೂಪಾಯಿ. ಇದ್ರಾಗ ಈ ತಿಂಗಳ ಬಡ್ಡಿಗೆ ಹೋಗೋದು 19,792, ಅಸಲಿಗೆ ಬೀಳೋದು ಬರೀ 6,314. ಮುಂದ ಕಟ್ಟೋದು ಒಟ್ಟು 47 ಲಕ್ಷದ ಆಸುಪಾಸು.

ಈಗ ಹೊಸ ಬ್ಯಾಂಕ್ 8 ಪರ್ಸೆಂಟಿಗೆ ಕೊಡ್ತೀನಿ ಅಂತು. ನಿಮ್ಮ ಮುಂದ ಮೂರು ದಾರಿ ಅದಾವು.

ಒಂದು, ಅದೇ 180 ತಿಂಗಳು ಇಟ್ಕೊಂಡ್ರ ಇಎಂಐ 23,891 ಆಗ್ತೈತಿ. ತಿಂಗಳಿಗೆ 2,214 ಉಳೀತೈತಿ, ಪೂರ್ತಿ ಅವಧಿಗೆ ಸುಮಾರು 3 ಲಕ್ಷ 98 ಸಾವಿರ.

ಎರಡು, ಇಎಂಐ ಹಳೇದೇ 26,106 ಕಟ್ತಾ ಹೋದ್ರ ಸಾಲ 153 ತಿಂಗಳಿಗೆ, ಅಂದ್ರ ಎರಡು ವರ್ಷ ಮೂರು ತಿಂಗಳು ಮೊದ್ಲೇ ಮುಗೀತೈತಿ, ಉಳಿತಾಯ ಸುಮಾರು 7 ಲಕ್ಷ.

ಮೂರನೇದು ಏಜೆಂಟರಿಗೆ ಭಾಳ ಇಷ್ಟದ್ದು. "ಸರ್ ನಿಮಗ ಇಎಂಐ 20,911ಕ್ಕೆ ಇಳಿಸಿಕೊಡ್ತೀನಿ, ತಿಂಗಳಿಗೆ ಐದು ಸಾವಿರ ಉಳೀತೈತಿ" ಅಂತಾನ. ಹೌದು, ಉಳೀತೈತಿ, ಯಾಕಂದ್ರ ಅವನು ಅವಧಿನ ಮತ್ತ 20 ವರ್ಷಕ್ಕ ಎಳದಿರ್ತಾನ. 240 ತಿಂಗಳು ಗುಣಿಸಿ ನೋಡ್ರಿ, ಒಟ್ಟು 50 ಲಕ್ಷ ದಾಟ್ತೈತಿ, ಅಂದ್ರ ಬಡ್ಡಿ ಒಂದೂವರೆ ಪರ್ಸೆಂಟ್ ಇಳಿಸ್ಕೊಂಡೂ ಏನೂ ಮಾಡದೇ ಸುಮ್ನ ಕುಂತಿದ್ದಕ್ಕಿಂತ 3 ಲಕ್ಷ 19 ಸಾವಿರ ಜಾಸ್ತಿ ಕಟ್ತೀರಿ. ಮಕ್ಕಳ ಫೀಸು, ದವಾಖಾನೆ ಅಂತ ಕೈ ಖರೇನೇ ಬಿಗಿ ಇದ್ರ ಇದೂ ಒಂದು ದಾರಿನೇ, ತಪ್ಪು ಅಂತ ನಾ ಹೇಳಲ್ಲ, ಆದ್ರ ಗೊತ್ತಿದ್ದು ಮಾಡ್ರಿ. ಕೈ ಸಡಿಲ ಆದಾಗ ಸ್ವಲ್ಪ ಸ್ವಲ್ಪ ಮುಂಗಡ ಕಟ್ಟಿ ಅವಧಿ ಇಳಿಸ್ಕೋಬಹುದು, ಫ್ಲೋಟಿಂಗ್ ಸಾಲಕ್ಕ ಅದಕ್ಕೇನೂ ದಂಡ ಇಲ್ಲ.

ಇನ್ನು ಖರ್ಚು. ಪ್ರೊಸೆಸಿಂಗ್ ಫೀ, ಅದರ ಮ್ಯಾಲ 18 ಪರ್ಸೆಂಟ್ ಜಿಎಸ್‌ಟಿ, ವಕೀಲರ ಲೀಗಲ್ ಒಪಿನಿಯನ್, ಇಂಜಿನಿಯರ್ ವ್ಯಾಲ್ಯುಯೇಶನ್, ಕಾಗದ ಅಡ ಇಟ್ಟಿದ್ದನ್ನ ಸಬ್ ರಿಜಿಸ್ಟ್ರಾರ್ ಆಫೀಸಿನ್ಯಾಗ ನೋಂದಾಯಿಸೋ ಎಂಒಡಿ ಖರ್ಚು. ಎಂಒಡಿ ಸ್ಟಾಂಪ್ ಡ್ಯೂಟಿ ಸಾಲದ ಮೊತ್ತದ ಮ್ಯಾಲ ಪರ್ಸೆಂಟ್ ಲೆಕ್ಕದಾಗ ಬರ್ತೈತಿ, ಮಂದಿ ಇದನ್ನ ಮರೀತಾರ, ಹಳೇ ಬ್ಯಾಂಕಿಗೆ ಒಮ್ಮೆ ಕಟ್ಟೀನಲ್ಲ ಅಂದ್ರ ನಡಿಯಂಗಿಲ್ಲ, ಹೊಸದಾಗಿ ಮತ್ತ ಕಟ್ಬೇಕು. ಎಲ್ಲಾ ಕೂಡಿ 25,000 ಆಯ್ತು ಅಂದ್ಕೊಂಡ್ರ, ತಿಂಗಳಿಗೆ 2,214ರಂಗ ಹನ್ನೊಂದು ಹನ್ನೆರಡು ತಿಂಗಳಿಗೆ ಹಾಕಿದ ರೊಕ್ಕ ಹೊಳ್ಳಿ ಬರ್ತೈತಿ. ಅದು ಚೊಲೋ ವ್ಯವಹಾರ.

ಅದೇ ಬಾಕಿ 5 ಲಕ್ಷ, ಉಳಿದಿದ್ದು ಮೂರೇ ವರ್ಷ ಇದ್ದವ್ರು ನೋಡ್ರಿ: 9.5ರಿಂದ 8ಕ್ಕೆ ಇಳಿದ್ರೂ ತಿಂಗಳಿಗೆ ಉಳಿಯೋದು 348 ರೂಪಾಯಿ, ಮೂರು ವರ್ಷಕ್ಕ ಹನ್ನೆರಡೂವರೆ ಸಾವಿರ. ಓಡಾಟ, ರಜಾ, ಫೀ ಎಲ್ಲಾ ಸೇರಿದ್ರ ಅದಕ್ಕಿಂತ ಹೆಚ್ಚೇ ಹೋಗ್ತೈತಿ. ಇಂಥವ್ರು ಇಲ್ಲೇ ಓದೋದು ನಿಲ್ಲಿಸಬಹುದು, ಇಲ್ಲಾ 3ನೇ ಹಂತ ಒಂದು ನೋಡ್ಕೊಂಡು ಹೋಗ್ರಿ. ನನ್ನ ಅಂದಾಜು ಹೇಳೋದಾದ್ರ ಬಡ್ಡಿ ವ್ಯತ್ಯಾಸ ಅರ್ಧ ಪರ್ಸೆಂಟಿಗಿಂತ ಕಮ್ಮಿ ಇದ್ರ, ಅಥವಾ ಉಳಿದ ಅವಧಿ ಐದು ವರ್ಷದೊಳಗ ಇದ್ರ ಟ್ರಾನ್ಸ್‌ಫರ್ ತಲೆನೋವು ಬ್ಯಾಡ.

3. ಊರೆಲ್ಲಾ ತಿರುಗೋದಕ್ಕ ಮೊದ್ಲು ನಿಮ್ಮ ಬ್ಯಾಂಕಿಗೇ ಅರ್ಜಿ ಕೊಡ್ರಿ

ಇದನ್ನ ಬಿಟ್ಟು ಮುಂದ ಓಡೋರೇ ಹೆಚ್ಚು. ನಿಮ್ಮ ಬಡ್ಡಿ ಅಂದ್ರ ರಿಪೋ ಜೊತಿಗೆ ಬ್ಯಾಂಕಿನ ಸ್ಪ್ರೆಡ್, ಅಂದ್ರ ರಿಪೋ ಮ್ಯಾಲ ಬ್ಯಾಂಕ್ ಹಾಕ್ಕೊಳ್ಳೋ ತನ್ನ ಪಾಲು. ರಿಪೋ 5.25 ಇದ್ದು ಸ್ಪ್ರೆಡ್ 2.75 ಇದ್ರ ನಿಮಗ 8. ಹೊಸ ಗಿರಾಕಿ ಎಳೀಬೇಕು ಅಂತ ಬ್ಯಾಂಕ್ ಅವ್ರಿಗೆ ಕಮ್ಮಿ ಸ್ಪ್ರೆಡ್ ಕೊಡ್ತೈತಿ, ಹಳೇ ಗಿರಾಕಿ ಹಳೇ ಸ್ಪ್ರೆಡ್‌ನ್ಯಾಗೇ ಉಳ್ಕೊಂಡಿರ್ತಾನ. ಅದೇ ಬ್ಯಾಂಕು, ಅದೇ ಬ್ರಾಂಚು, ಪಕ್ಕದ ಮನಿಯವ್ರಿಗೆ ಬ್ಯಾರೇ ಬಡ್ಡಿ. ಮೊದ್ಲು ಸ್ಪ್ರೆಡ್‌ನ ಕೆಲವು ಭಾಗ ಮೂರು ವರ್ಷಕ್ಕೊಮ್ಮೆ ಮಾತ್ರ ಬದಲಿಸ್ಬೇಕು ಅಂತ ನಿಯಮ ಇತ್ತು, 2025ರ ಅಕ್ಟೋಬರ್ 1ರಿಂದ ಬ್ಯಾಂಕ್ ಮನಸ್ಸು ಮಾಡಿದ್ರ ಅದಕ್ಕೂ ಮೊದ್ಲೇ ಇಳಿಸಬಹುದು. ಆದ್ರಿಂದ "ರೂಲ್ಸ್ ಇಲ್ಲ ಸರ್" ಅನ್ನೋ ಉತ್ತರ ಈಗ ಒಪ್ಕೋಬ್ಯಾಡ್ರಿ.

ಅರ್ಜಿ ಬಾಯಿಮಾತಿನ್ಯಾಗ ಬ್ಯಾಡ, ಬರೆದು ಕೊಡ್ರಿ, ಇ-ಮೇಲ್ ಹಾಕ್ರಿ, ಕಾಪಿ ಮ್ಯಾಲ ಸೀಲು ಹಾಕಿಸ್ಕೊಳ್ರಿ. ಹಿಂಗ ಬರೀಬಹುದು:

"ನನ್ನ ಗೃಹ ಸಾಲದ ಬಡ್ಡಿ ಈಗ ಇಷ್ಟು ಇದೆ. ತಮ್ಮ ಬ್ಯಾಂಕು ಹೊಸ ಗ್ರಾಹಕರಿಗೆ ಇದಕ್ಕಿಂತ ಕಡಿಮೆ ಬಡ್ಡಿಗೆ ಸಾಲ ಕೊಡುತ್ತಿದೆ. ನಾನು ಇದುವರೆಗೆ ಒಂದು ಕಂತೂ ತಪ್ಪಿಸಿಲ್ಲ. ನನ್ನ ಸಾಲವನ್ನು ಈಗಿನ ದರಕ್ಕೆ ಬದಲಾಯಿಸಿಕೊಡಬೇಕು, ಅದಕ್ಕೆ ಶುಲ್ಕ ಇದ್ದರೆ ಲಿಖಿತವಾಗಿ ತಿಳಿಸಬೇಕು. ಇಲ್ಲವಾದರೆ ಸಾಲ ವರ್ಗಾವಣೆಗೆ ಬೇಕಾದ ಪತ್ರಗಳನ್ನು ಕೊಡಬೇಕು."

ಕಡೇ ಸಾಲು ಮುಖ್ಯ. ಗಿರಾಕಿ ಹೋಗ್ತಾನ ಅಂತ ಗೊತ್ತಾದ ಮ್ಯಾಲೇ ಕೆಲವು ಬ್ಯಾಂಕಿನವ್ರು ಎಚ್ಚರ ಆಗ್ತಾರ. ಹಿಂಗ ಅದೇ ಬ್ಯಾಂಕಿನ್ಯಾಗ ಬಡ್ಡಿ ಬದಲಿಸ್ಕೊಳ್ಳೋದಕ್ಕ ಕನ್ವರ್ಶನ್ ಅಥವಾ ಸ್ವಿಚ್ ಅಂತಾರ, ಒಂದು ಫೀ ಇರ್ತೈತಿ, ಆದ್ರ ಹೊಸ ಎಂಒಡಿ ಇಲ್ಲ, ಲೀಗಲ್ ಇಲ್ಲ, ಇಂಜಿನಿಯರ್ ಬಂದು ಮನಿ ಅಳಿಯೋದಿಲ್ಲ. ಎಂಸಿಎಲ್‌ಆರ್‌ನ್ಯಾಗ ಇದ್ದವ್ರು ರಿಪೋಗೆ ಹೋಗೋಕೂ ಇದೇ ದಾರಿ. ನಿಮ್ಮ ಬ್ಯಾಂಕು 8.15ಕ್ಕೆ ಇಳಿಸಿ ಹೊರಗಿನವ್ರು 8 ಕೊಡ್ತಾರಂದ್ರ ನಿಮ್ಮ ಬ್ಯಾಂಕಿನ್ಯಾಗೇ ಇರ್ರಿ, ಆ ಚಿಲ್ಲರೆಗೆ ಅಷ್ಟು ಓಡಾಟ ತಾಳಂಗಿಲ್ಲ.

4. ಸಿಬಿಲ್ ನೋಡ್ಕೊಳ್ರಿ

ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಹಿಂಗ ನಿಮ್ಮ ಸಾಲದ ಚರಿತ್ರೆ ಬರೆದಿಡೋ ಈ ನಾಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಫ್ರೀ ಕೊಡ್ಬೇಕು. ರೊಕ್ಕ ಕೇಳೋ ಆ್ಯಪ್ ಹಿಂದ ಹೋಗ್ಬ್ಯಾಡ್ರಿ. ಸ್ಕೋರ್ 750ರ ಮ್ಯಾಲ ಇದ್ರ ಕಮ್ಮಿ ಬಡ್ಡಿ ಕೇಳೋ ತಾಕತ್ತು ಇರ್ತೈತಿ. ಸ್ಕೋರಿಗಿಂತ ರಿಪೋರ್ಟಿನ ಒಳಗ ನೋಡ್ರಿ, ಯಾವಾಗೋ ಮುಗಿಸಿದ ಬೈಕ್ ಸಾಲ ಇನ್ನಾ ಚಾಲ್ತಿ ಅಂತ ಇರ್ತೈತಿ, ಗೆಳೆಯಗ ಹಾಕಿದ ಜಾಮೀನು ಇರ್ತೈತಿ, ಬಂಗಾರ ಅಡ ಇಟ್ಟಿದ್ದು, ಸಂಘದ ಮೈಕ್ರೋಫೈನಾನ್ಸ್ ಸಾಲ ಎಲ್ಲಾ ಅದ್ರಾಗ ಬರ್ತಾವು. ಅರ್ಜಿ ಹಾಕೋ ಮೊದ್ಲೇ ಸರಿಪಡಿಸ್ಕೊಳ್ರಿ. ಒಂದೇ ವಾರದಾಗ ಐದಾರು ಬ್ಯಾಂಕಿಗೆ ಅರ್ಜಿ ಒಗೀಬ್ಯಾಡ್ರಿ, ಒಬ್ಬೊಬ್ರೂ ರಿಪೋರ್ಟ್ ತೆಗೀತಾರ, ಸ್ಕೋರ್ ಇಳೀತೈತಿ. ಆಧಾರ್, ಪ್ಯಾನ್ ಫೋಟೋ ವಾಟ್ಸ್ಯಾಪ್‌ನ್ಯಾಗ ಕಂಡ ಕಂಡ ಏಜೆಂಟಗ ಕಳಿಸಿದ್ರೂ ಇದೇ ಗತಿ.

5. ಕಾಗದ: ನಮ್ಮ ಕಡೆ ಕೇಸು ನಿಲ್ಲೋದು ಇಲ್ಲೇ

ಆದಾಯದ ಕಾಗದ ಸುಲಭ. ನೌಕರಿ ಇದ್ದವ್ರಿಗೆ ಮೂರು ತಿಂಗಳ ಸ್ಯಾಲರಿ ಸ್ಲಿಪ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16. ಕಾಂಟ್ರಾಕ್ಟ್ ಮ್ಯಾಲ ಪ್ಲಾಂಟಿನ್ಯಾಗ ಇದ್ದವ್ರಿಗೆ ಎಷ್ಟು ವರ್ಷದ್ದು ಸರ್ವಿಸ್ ಅಂತ ಕೇಳ್ತಾರ. ಬಳ್ಳಾರಿಯಾಗ ಜೀನ್ಸ್ ಹೊಲಿಯೋ ಯೂನಿಟ್ ಇಟ್ಕೊಂಡವ್ರು, ಕಿರಾಣಿ ಅಂಗಡಿಯವ್ರು, ಲಾರಿ ಇದ್ದವ್ರು ಇವ್ರಿಗೆ ಎರಡು ಮೂರು ವರ್ಷದ ಐಟಿ ರಿಟರ್ನ್ ಬೇಕು. ಟ್ಯಾಕ್ಸ್ ಉಳಿಸೋಕ ಆದಾಯ ಕಮ್ಮಿ ತೋರಿಸಿದವ್ರಿಗೆ ಇಲ್ಲಿ ಅದೇ ಅಡ್ಡ ಬರ್ತೈತಿ, ಗಲ್ಲಾಪೆಟ್ಟಿಗಿ ತುಂಬಿದ್ರೂ ಬ್ಯಾಂಕ್ ನೋಡೋದು ರಿಟರ್ನ್ ಮಾತ್ರ. ಹೊಲದ ಆದಾಯ ಇದ್ದವ್ರು ಪಹಣಿ ಕೊಡಬಹುದು, ಅದನ್ನ ಎಷ್ಟರ ಮಟ್ಟಿಗೆ ಹಿಡೀತಾರ ಅನ್ನೋದು ಆಯಾ ಬ್ಯಾಂಕಿಗೆ ಬಿಟ್ಟಿದ್ದು.

ಮನಿ ಕಾಗದ ಹಂಗಲ್ಲ. ಮೊದ್ಲು ಸಾಲ ಕೊಟ್ಟಾಗ ಒಬ್ಬ ವಕೀಲ್ರು ಪಾಸ್ ಮಾಡಿದ್ದನ್ನ ಹೊಸ ಬ್ಯಾಂಕಿನ ವಕೀಲ್ರು ಮೊದಲಿಂದ ನೋಡ್ತಾರ, "ಅವ್ರು ಒಪ್ಪಿದ್ರಲ್ರಿ" ಅನ್ನೋ ಮಾತು ನಡಿಯಂಗಿಲ್ಲ. ನೋಡೋದು ಇವನ್ನ:

ಖಾತಾ. ಪಾಲಿಕೆ, ನಗರಸಭೆ ವ್ಯಾಪ್ತಿಯಾಗ ಇದ್ರ ಇ-ಆಸ್ತಿ ತಂತ್ರಾಂಶದ ಫಾರ್ಮ್ 3, ಅಂದ್ರ ಇ-ಖಾತಾ. ಪಂಚಾಯತಿ ವ್ಯಾಪ್ತಿ ಆದ್ರ ಇ-ಸ್ವತ್ತು ಫಾರ್ಮ್ 9 ಮತ್ತು 11ಎ. 11ಬಿ ಇದ್ದವ್ರಿಗೆ, ಪ್ಯಾಟ್ಯಾಗ ಬಿ-ಖಾತಾ ಇದ್ದವ್ರಿಗೆ, ಅಂದ್ರ ಸರಿಯಾದ ಮಂಜೂರಾತಿ ಇಲ್ಲದ ಆಸ್ತಿ ಇದ್ದವ್ರಿಗೆ, ಹೆಚ್ಚಿನ ಸರ್ಕಾರಿ ಬ್ಯಾಂಕ್ ಬಾಗಿಲು ತೆಗಿಯಂಗಿಲ್ಲ. ಹಳೇ ಕೈಬರಹದ ಖಾತಾದ ಮ್ಯಾಲ ಸಾಲ ತಗೊಂಡವ್ರು ಈಗ್ಲೇ ಇ-ಖಾತಾ ಮಾಡಿಸ್ಕೊಳ್ರಿ, ಟ್ರಾನ್ಸ್‌ಫರ್ ಮಾಡ್ಲಿ ಬಿಡ್ಲಿ ಮುಂದ ಬೇಕೇ ಬೇಕು, 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೇ ನೋಂದಣಿನೇ ಇಲ್ಲ. ಖಾತಾದಾಗಿನ ಹೆಸರು, ಅಳತಿ, ಚೆಕ್ಕುಬಂದಿ ಅಂದ್ರ ನಾಕು ದಿಕ್ಕಿನ ಗಡಿ, ಇವು ಕ್ರಯಪತ್ರದ ಜೊತಿ ಹೊಂದ್ಬೇಕು. 30 ಇನ್ಟು 40 ಸೈಟು ಖಾತಾದಾಗ 30 ಇನ್ಟು 38 ಅಂತ ಇದ್ರ ಫೈಲು ಅಲ್ಲೇ ಕೂಡ್ತೈತಿ.

ಲೇಔಟ್. ಹೊಲ ಎನ್‌ಎ ಆಗೈತಾ, ಲೇಔಟಿಗೆ ಬುಡಾ (ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರ) ಅಥವಾ ನಿಮ್ಮ ಜಿಲ್ಲಾ ಪ್ರಾಧಿಕಾರದ ಮಂಜೂರಾತಿ ಐತಾ. ಎನ್‌ಎ ಅಂದ್ರ ಕೃಷಿ ಜಮೀನು ವಾಸಕ್ಕ ಅಂತ ಪರಿವರ್ತನೆ ಆದ ಆದೇಶ. ಬರೀ ರೆವಿನ್ಯೂ ಸೈಟ್, ಅಂದ್ರ ಹಿಂಗ ಪರಿವರ್ತನೆ ಆಗದ ಹೊಲದಾಗಿನ ಸೈಟ್ ಮ್ಯಾಲ ಫೈನಾನ್ಸ್ ಕಂಪನಿಯವ್ರು ಸಾಲ ಕೊಟ್ಟಿರ್ತಾರ, ಬ್ಯಾಂಕ್ ತಗೊಳ್ಳಂಗಿಲ್ಲ.

ಪ್ಲ್ಯಾನ್. ಸಾಲ ತಗೊಂಡಾಗ ಗ್ರೌಂಡ್ ಫ್ಲೋರ್ ಇತ್ತು, ಆಮ್ಯಾಲ ಬಾಡಿಗಿ ಬರ್ಲಿ ಅಂತ ಪರ್ಮಿಶನ್ ಇಲ್ಲದೇ ಮ್ಯಾಲೊಂದು ಮನಿ ಹಾಕೀರಿ. ಇಂಜಿನಿಯರ್ ಫೋಟೋ ಹೊಡ್ಕೊಂಡು ಹೋಗ್ತಾರ, ರಿಪೋರ್ಟಿನ್ಯಾಗ "ಪ್ಲ್ಯಾನಿನಂತೆ ಇಲ್ಲ" ಅಂತ ಬರ್ತೈತಿ. ಇದನ್ನ ಮುಚ್ಚಿಡಬ್ಯಾಡ್ರಿ, ಮೊದ್ಲೇ ಹೇಳಿ ಕೇಳ್ರಿ, ಕೆಲವು ಬ್ಯಾಂಕ್ ಪ್ಲ್ಯಾನ್ ಇದ್ದಷ್ಟಕ್ಕ ಮಾತ್ರ ಬೆಲೆ ಹಿಡಿದು ಮುಂದುವರೀತಾವು.

ವಾರಸುದಾರಿಕೆ. ಪಿತ್ರಾರ್ಜಿತ ಜಾಗದಾಗ ಕಟ್ಟಿದ ಮನಿ ಆದ್ರ ವಂಶವೃಕ್ಷ, ಪಾಲುಪತ್ರ ಎರಡೂ ಕೇಳ್ತಾರ. ಅಕ್ಕತಂಗ್ಯಾರ ಸಹಿ ಬಿಟ್ಟು ಮಾಡಿದ ಪಾಲುಪತ್ರ ಇದ್ರ ವಕೀಲ್ರು ಒಪ್ಪೋದು ಕಷ್ಟ, ಹಬ್ಬಕ್ಕ ಬಂದಾಗ ಕುಂತು ಮಾತಾಡಿ ಸಹಿ ಮಾಡಿಸ್ಕೊಳ್ರಿ.

ಇಸಿ, ಋಣಭಾರ ಪ್ರಮಾಣಪತ್ರ. ಕಾವೇರಿ 2.0 ಪೋರ್ಟಲ್‌ನ್ಯಾಗ ಮನ್ಯಾಗ ಕುಂತೇ ಅರ್ಜಿ ಹಾಕಬಹುದು, 2004ರ ಈಚಿಂದು ಆನ್‌ಲೈನ್ ಸಿಗ್ತೈತಿ, ಅದಕ್ಕೂ ಹಿಂದಿಂದಕ್ಕ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗ್ಬೇಕು. ಇದರ ಜೊತಿ ಈ ವರ್ಷದ ತನಕ ಆಸ್ತಿ ತೆರಿಗೆ ಕಟ್ಟಿದ ರಸೀದಿ.

ಇಲ್ಲಿ ನಮ್ಮ ಜಿಲ್ಲೆಗಳಿಗೇ ಒಂದು ವಿಶೇಷ ತೊಡಕು ಐತಿ. ರಾಯಚೂರು, ಕೊಪ್ಪಳದಾಗ ಹಿಂದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಬ್ರಾಂಚೇ ಜಾಸ್ತಿ, ಅದೂ, ಸ್ಟೇಟ್ ಬ್ಯಾಂಕ್ ಆಫ್ ಮೈಸೂರೂ 2017ರ ಏಪ್ರಿಲ್ 1ಕ್ಕೆ ಎಸ್‌ಬಿಐನ್ಯಾಗ ಸೇರಿದ್ವು. ಸಿಂಡಿಕೇಟ್ 2020ರ ಏಪ್ರಿಲ್‌ಗೆ ಕೆನರಾ ಆತು, ಆಂಧ್ರ ಬ್ಯಾಂಕ್, ಕಾರ್ಪೊರೇಶನ್ ಬ್ಯಾಂಕ್ ಅದೇ ದಿನ ಯೂನಿಯನ್ ಬ್ಯಾಂಕಿಗೆ ಹೋದ್ವು. ಬಳ್ಳಾರಿಯಾಗ ಮುಖ್ಯ ಕಚೇರಿ ಇದ್ದ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕ್ 2019ರಾಗ ಕಾವೇರಿ ಗ್ರಾಮೀಣದ ಜೊತಿ ಕೂಡಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆತು, 2025ರ ಮೇ 1ಕ್ಕೆ ಧಾರವಾಡದ ವಿಕಾಸ ಗ್ರಾಮೀಣ ಬ್ಯಾಂಕೂ ಅದ್ರಾಗ ಬಂತು. ನಿಮ್ಮ ಇಸಿಯಾಗ ಅಡಮಾನ ಹಳೇ ಹೆಸರಿನ್ಯಾಗೇ ನಿಂತಿರ್ತೈತಿ. ಅದಕ್ಕ ಎನ್‌ಒಸಿ (ಬಾಕಿ ಇಲ್ಲ ಅನ್ನೋ ಪತ್ರ) ಮತ್ತು ಅಡಮಾನ ತೀರಿಸಿದ ಪತ್ರದಾಗ ಹಳೇ ಬ್ಯಾಂಕಿನ ಹೆಸರು, ಹಳೇ ಲೋನ್ ನಂಬರ್, "ಈಗ ಇಂಥ ಬ್ಯಾಂಕಿನಲ್ಲಿ ವಿಲೀನ" ಅನ್ನೋ ಸಾಲು ಮೂರೂ ಬರಸ್ಕೊಳ್ರಿ. ಇಲ್ಲಾಂದ್ರ ಹೊಸ ವಕೀಲ್ರು "ಈ ಬ್ಯಾಂಕಿನ ಸಾಲ ಎಲ್ಲಿ ತೀರೈತಿ?" ಅಂತ ಕೇಳ್ತಾರ.

6. ಹೊಸ ಬ್ಯಾಂಕ್ ಆರಿಸೋದು

ಎರಡು ಮೂರು ಕಡೆ ಕೇಳ್ರಿ, ಸಾಕು. ನಿಮ್ಮ ಸಂಬಳ ಬೀಳೋ ಬ್ಯಾಂಕ್ ಮೊದ್ಲು. ಹೆಂಡ್ತಿ ಹೆಸರು ಆಸ್ತಿಯಾಗ ಇದ್ರ ಕೆಲವು ಬ್ಯಾಂಕ್ ಮಹಿಳೆಯರಿಗೆ ಅಂತ 0.05 ಪರ್ಸೆಂಟ್ ಕಮ್ಮಿ ಮಾಡ್ತಾವು, ಕೇಳೋದು ಮರೀಬ್ಯಾಡ್ರಿ.

ಬಾಯಿಲೆ ಹೇಳಿದ ಬಡ್ಡಿ ನಂಬಬ್ಯಾಡ್ರಿ, ಕೆಎಫ್‌ಎಸ್ ಕೇಳ್ರಿ. ಇದು ಸಾಲದ ಎಲ್ಲಾ ಖರ್ಚು, ಷರತ್ತು ಒಂದೇ ಕಡೆ ಬರೆದ ಹಾಳಿ, 2024ರ ಅಕ್ಟೋಬರ್ 1ರಿಂದ ಇದನ್ನ ಕೊಡೋದು ಕಡ್ಡಾಯ, ನಿಮಗ ತಿಳಿಯೋ ಭಾಷೆಯಾಗ ಕೊಡ್ಬೇಕು, ಕನ್ನಡದಾಗ ಕೇಳೋಕ ನಾಚಬ್ಯಾಡ್ರಿ. ಅದ್ರಾಗ ಎಪಿಆರ್ ಅಂತ ಒಂದು ಅಂಕಿ ಇರ್ತೈತಿ, ಬಡ್ಡಿ ಜೊತಿ ಫೀ ಗೀ ಎಲ್ಲಾ ಕೂಡಿಸಿದ ವರ್ಷದ ಖರೇ ಖರ್ಚು. ಎರಡು ಬ್ಯಾಂಕ್ ಹೋಲಿಸೋವಾಗ ಎಪಿಆರ್ ಹೋಲಿಸ್ರಿ. ಫ್ಲೋಟಿಂಗ್ ಐತಾ, ಯಾವ ಬೆಂಚ್‌ಮಾರ್ಕ್, ಸ್ಪ್ರೆಡ್ ಎಷ್ಟು ಅನ್ನೋದೂ ಅಲ್ಲೇ ಇರ್ತೈತಿ. "ಮೊದಲ ಎರಡು ವರ್ಷ 7.9, ಆಮ್ಯಾಲ ಫ್ಲೋಟಿಂಗ್" ಅಂತ ಇದ್ರ ಆ ಆಮ್ಯಾಲದ ಲೆಕ್ಕ ಕೇಳ್ರಿ.

ಎರಡು ಗಾಳ ಇರ್ತಾವು ಇಲ್ಲಿ. ಒಂದು ಇನ್ಶೂರೆನ್ಸ್: ಸಾಲದ ಜೊತಿ ಲಕ್ಷ ಒಂದೂವರೆ ಲಕ್ಷದ ಪಾಲಿಸಿ ಸೇರಿಸಿ ಅದನ್ನೂ ಸಾಲಕ್ಕೇ ಕೂಡಿಸ್ತಾರ, ನೀವು ಅದಕ್ಕೂ 15 ವರ್ಷ ಬಡ್ಡಿ ಕಟ್ತೀರಿ. ಮನಿಗೆ ವಿಮೆ, ನಿಮಗ ಒಂದು ಟರ್ಮ್ ಪಾಲಿಸಿ ಇರೋದು ಒಳ್ಳೇದೇ, ಆದ್ರ ಅವ್ರ ಹತ್ರನೇ ತಗೋಬೇಕು ಅಂತ ಒತ್ತಾಯ ಮಾಡಂಗಿಲ್ಲ. ಇನ್ನೊಂದು ಟಾಪ್-ಅಪ್: "ಬಾಕಿ 25 ಐತಿ, 32 ಕೊಡ್ತೀವಿ, 7 ಲಕ್ಷ ಕೈಗೆ" ಅಂತಾರ. ಇಎಂಐ ಇಳಿಸೋಕ ಹೊಂಟವ್ರು ಸಾಲ ಏರಿಸ್ಕೊಂಡು ಬರೋದು ಹಿಂಗ. ಟಾಪ್-ಅಪ್ ಬಡ್ಡಿ ಸ್ವಲ್ಪ ಹೆಚ್ಚಿರ್ತೈತಿ, ಮದುವಿಗೋ ಕಾರಿಗೋ ಬಳಸಿದ್ರ ಅದರ ಬಡ್ಡಿಗೆ ಮನಿ ಸಾಲದ ಟ್ಯಾಕ್ಸ್ ರಿಯಾಯ್ತಿನೂ ಇಲ್ಲ. ಟ್ರಾನ್ಸ್‌ಫರ್ ಆದ ಮೂಲ ಸಾಲಕ್ಕ ಹಳೇ ಟ್ಯಾಕ್ಸ್ ರೆಜೀಮ್‌ನ್ಯಾಗ, ನೀವೇ ವಾಸ ಇರೋ ಮನಿಗೆ ವರ್ಷಕ್ಕ 2 ಲಕ್ಷದ ತನಕ ಬಡ್ಡಿ ವಿನಾಯ್ತಿ ಮುಂದುವರೀತೈತಿ.

ಪಿಎಂ ಆವಾಸ್ ಸಬ್ಸಿಡಿ ತಗೊಂಡವ್ರು ಒಂದು ನಿಮಿಷ ನಿಲ್ರಿ. 2024ರ ಸೆಪ್ಟೆಂಬರ್‌ನಿಂದ ಶುರುವಾದ ನಗರ 2.0 ಯೋಜನೆಯಾಗ 1.80 ಲಕ್ಷದ ತನಕ ಸಬ್ಸಿಡಿ ಐದು ವಾರ್ಷಿಕ ಕಂತಿನ್ಯಾಗ ಬರ್ತೈತಿ, ಸಾಲ ಚಾಲ್ತಿಯಾಗ ಇರ್ಬೇಕು ಅನ್ನೋ ಷರತ್ತು ಐತಿ. ನಡುವ ಟ್ರಾನ್ಸ್‌ಫರ್ ಮಾಡಿದ್ರ ಉಳಿದ ಕಂತಿನ ಗತಿ ಏನು ಅಂತ ಹಳೇ ಬ್ಯಾಂಕಿನಿಂದ ಬರಹದಾಗ ತಗೊಂಡೇ ಮುಂದ ಹೆಜ್ಜಿ ಇಡ್ರಿ.

7. ಹಳೇ ಬ್ಯಾಂಕಿನಿಂದ ಮೂರು ಪತ್ರ

ಸಾಲದ ಪೂರ್ತಿ ಸ್ಟೇಟ್‌ಮೆಂಟ್, ಅವ್ರ ಹತ್ರ ನಿಮ್ಮ ಯಾವ ಯಾವ ಮೂಲ ಕಾಗದ ಅದಾವು ಅನ್ನೋ ಎಲ್‌ಒಡಿ ಪಟ್ಟಿ, ಇಂಥ ದಿನಕ್ಕ ಇಷ್ಟು ಕಟ್ಟಿದ್ರ ಸಾಲ ಮುಗೀತೈತಿ ಅನ್ನೋ ಫೋರ್‌ಕ್ಲೋಶರ್ ಲೆಟರ್. ಈ ಮೂರನ್ನ ಕೊಡೋಕ ಸತಾಯಿಸ್ತಾರ, "ಮ್ಯಾನೇಜರ್ ಲೀವ್", "ಕಾಗದ ಬೆಂಗಳೂರಾಗ, ಹೈದರಾಬಾದಿನ್ಯಾಗ ಅದಾವು" ಅಂತ. ಅದಕ್ಕೇ 3ನೇ ಹಂತದಾಗ ಲಿಖಿತ ಅರ್ಜಿ ಅಂದಿದ್ದು. ಫೋರ್‌ಕ್ಲೋಶರ್ ಲೆಟರಿಗೆ ಅವಧಿ ಇರ್ತೈತಿ, ಹೊಸ ಬ್ಯಾಂಕ್ ಸ್ಯಾಂಕ್ಷನ್ ಆದ ಮ್ಯಾಲೇ ತಗೊಳ್ರಿ, ಮೊದ್ಲೇ ತಗೊಂಡು ಇಟ್ಕೊಂಡ್ರ ಹಳೇದಾಗ್ತೈತಿ.

ವ್ಯಕ್ತಿಗಳ ಹೆಸರಿನ ಫ್ಲೋಟಿಂಗ್ ಮನಿ ಸಾಲಕ್ಕ ಫೋರ್‌ಕ್ಲೋಶರ್ ದಂಡ ಇಲ್ಲ. ಬ್ಯಾಂಕುಗಳಿಗೆ ಇದನ್ನ 2012ರಾಗೇ ಆರ್‌ಬಿಐ ನಿಲ್ಲಿಸೈತಿ. ಫಿಕ್ಸೆಡ್ ಬಡ್ಡಿ ಸಾಲ ಆದ್ರ ದಂಡ ಇರಬಹುದು, ಅಗ್ರಿಮೆಂಟ್ ಓದ್ರಿ. ಮನಿ ಅಡ ಇಟ್ಟು ವ್ಯಾಪಾರಕ್ಕ ತಗೊಂಡ ಸಾಲ ಬೇರೆ ಲೆಕ್ಕ, ಅದನ್ನ ಮನಿ ಸಾಲ ಅಂದ್ಕೊಂಡು ಹೋಗಿ ಕಿರಿಕಿರಿ ಮಾಡ್ಕೋಬ್ಯಾಡ್ರಿ.

8. ರೊಕ್ಕ ಕೈ ಬದಲಾಗೋ ದಿನಗಳು

ಹೊಸ ಬ್ಯಾಂಕ್ ಚೆಕ್ ಅಥವಾ ಡಿಡಿನ ಹಳೇ ಬ್ಯಾಂಕಿನ ಹೆಸರಿಗೆ, ನಿಮ್ಮ ಲೋನ್ ನಂಬರ್ ಬರೆದು ಕೊಡ್ತೈತಿ. ಅವತ್ತಿನಿಂದಲೇ ಹೊಸ ಬಡ್ಡಿ ಓಡ್ತೈತಿ, ಆದ್ರ ಹಳೇ ಖಾತೆಗೆ ಜಮಾ ಆಗೋ ತನಕ ಹಳೇ ಬಡ್ಡಿನೂ ಓಡ್ತಿರ್ತೈತಿ. ಚೆಕ್ ನಾಕು ದಿನ ಬ್ಯಾಗಿನ್ಯಾಗ ಇಟ್ಕೊಂಡು ತಿರುಗಿದ್ರ ಎರಡೂ ಕಡೆ ಬಡ್ಡಿ. ಅದೇ ದಿನ ಹಾಕ್ರಿ. ಫೋರ್‌ಕ್ಲೋಶರ್ ಲೆಟರಿನ ದಿನಕ್ಕಿಂತ ತಡ ಆದ್ರ ಸಾವಿರದ ಲೆಕ್ಕದಾಗ ಕಮ್ಮಿ ಬೀಳ್ತೈತಿ, ಆ ವ್ಯತ್ಯಾಸಕ್ಕ ಕೈಯಾಗ ಸ್ವಲ್ಪ ರೊಕ್ಕ ಇಟ್ಕೊಂಡಿರ್ರಿ. ಹತ್ತು ರೂಪಾಯಿ ಬಾಕಿ ಉಳಿದ್ರೂ ಖಾತೆ ಕ್ಲೋಸ್ ಆಗಂಗಿಲ್ಲ.

ಖಾತೆ ಪೂರ್ತಿ ಮುಚ್ಚೋ ತನಕ ಹಳೇ ಇಎಂಐ ನಿಲ್ಲಿಸಬ್ಯಾಡ್ರಿ. "ಹೆಂಗೂ ಹೊಸಬ್ರು ಕಟ್ತಾರಲ್ಲ" ಅಂತ ಒಂದು ಕಂತು ಬೌನ್ಸ್ ಮಾಡ್ಕೊಂಡು, ಸ್ಕೋರ್ ಇಳಿದು, ಹೊಸ ಬ್ಯಾಂಕ್ ಕಡೇ ಗಳಿಗ್ಯಾಗ ಬಡ್ಡಿ ಏರಿಸಿದ ಕೇಸ್ ಕಮ್ಮಿ ಇಲ್ಲ. ಜಾಸ್ತಿ ಕಟ್ಟಿದ್ದು ವಾಪಸ್ ಬರ್ತೈತಿ.

9. ಕಾಗದ ಬಂದ್ವು ಅಂತ ಸುಮ್ನ ಕೂಡಬ್ಯಾಡ್ರಿ

ಸಾಲ ಪೂರ್ತಿ ತೀರಿದ 30 ದಿನದೊಳಗ ಹಳೇ ಬ್ಯಾಂಕ್ ಮೂಲ ಕಾಗದ ವಾಪಸ್ ಕೊಟ್ಟು, ನೋಂದಾಯಿಸಿದ ಅಡಮಾನ ತೆಗಿಸ್ಬೇಕು. ಅವ್ರದೇ ತಪ್ಪಿನಿಂದ ತಡ ಆದ್ರ ದಿನಕ್ಕ 5,000 ರೂಪಾಯಿ ಪರಿಹಾರ ಕೊಡ್ಬೇಕು, 2023ರ ಡಿಸೆಂಬರ್ 1ರಿಂದ ಈ ನಿಯಮ ಜಾರಿಯಾಗ ಐತಿ. ಕಾಗದ ಕಳೆದಿದ್ರ ದೃಢೀಕೃತ ನಕಲು ತಗಿಯೋ ಖರ್ಚೂ ಅವ್ರದೇ, ಅದಕ್ಕ ಇನ್ನೊಂದು 30 ದಿನ ಟೈಮ್ ಅವ್ರಿಗಿರ್ತೈತಿ. ಟ್ರಾನ್ಸ್‌ಫರ್‌ನ್ಯಾಗ ಕಾಗದ ಹೆಚ್ಚಾಗಿ ಹೊಸ ಬ್ಯಾಂಕಿನವ್ರ ಕೈಗೇ ಹೋಗ್ತಾವು, ನೀವು ಎಲ್‌ಒಡಿ ಪಟ್ಟಿ ಹಿಡ್ಕೊಂಡು ಎದುರಿಗೆ ನಿಂತು ಒಂದೊಂದೇ ಟಿಕ್ ಹಾಕಿಸ್ರಿ, ಎಲ್ಲಾದ್ರದ್ದೂ ಫೋಟೋ ತಗೊಳ್ರಿ. ಮೂಲ ಕ್ರಯಪತ್ರದ ಹಿಂದಿನ ಪುಟದ ಸೀಲುಗಳೂ ಕಾಣ್ಬೇಕು ಫೋಟೋದಾಗ.

ಆಮ್ಯಾಲ ಉಳಿಯೋ ಚಿಲ್ಲರೆ ಕೆಲಸ: ಹಳೇ ಇಎಂಐಯ ನ್ಯಾಚ್ ಮ್ಯಾಂಡೇಟ್, ಅಂದ್ರ ಖಾತೆಯಿಂದ ತಾನೇ ಕಟ್ ಆಗೋ ಅನುಮತಿ, ಅದನ್ನ ರದ್ದು ಮಾಡಿಸೋದು. ಹಳೇ ಬ್ಯಾಂಕಿಗೆ ಕೊಟ್ಟಿದ್ದ ಖಾಲಿ ಚೆಕ್ ವಾಪಸ್ ತಗೊಳ್ಳೋದು. ಎನ್‌ಒಸಿ ತಗೊಳ್ಳೋದು. ಹಳೇ ವಿಮೆ ಇದ್ರ ಅದರ ಉಳಿದ ಅವಧಿಯ ರೊಕ್ಕ ವಾಪಸ್ ಬರ್ತೈತಾ ಅಂತ ಕೇಳೋದು. ಒಂದೆರಡು ತಿಂಗಳು ಬಿಟ್ಟು ಹೊಸ ಇಸಿ ತಗೊಂಡು ಹಳೇ ಬ್ಯಾಂಕಿನ ಅಡಮಾನ ತೀರಿದ್ದು, ಹೊಸ ಬ್ಯಾಂಕಿಂದು ಕುಂತಿದ್ದು ಎರಡೂ ಐತಾ ನೋಡ್ರಿ, ಸಿಬಿಲ್‌ನ್ಯಾಗ ಹಳೇ ಸಾಲ "ಕ್ಲೋಸ್ಡ್" ಅಂತ ಬಂದೈತಾ ನೋಡ್ರಿ.

ನಡುವ ಯಾರಾದ್ರೂ ಸತಾಯಿಸಿದ್ರ ಮೊದ್ಲು ಆ ಬ್ಯಾಂಕಿಗೇ ಲಿಖಿತ ದೂರು ಕೊಟ್ಟು ನಂಬರ್ ತಗೊಳ್ರಿ. 30 ದಿನದಾಗ ಉತ್ತರ ಬರ್ಲಿಲ್ಲಾಂದ್ರ, ಬಂದಿದ್ದು ಸರಿ ಇಲ್ಲಾಂದ್ರ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಗಿರಾಕಿಗಳ ದೂರು ಬಗೆಹರಿಸೋ ಅಧಿಕಾರಿ) ಸಿಎಂಎಸ್ ಪೋರ್ಟಲ್ ಮೂಲಕ ದೂರು ಹಾಕಬಹುದು, ಖರ್ಚಿಲ್ಲ, ಏಜೆಂಟ್ ಬೇಕಿಲ್ಲ, ತಿಳೀಲಿಲ್ಲಾಂದ್ರ 14448ಕ್ಕೆ ಫೋನ್ ಮಾಡಿ ಕೇಳ್ರಿ. ಹೌಸಿಂಗ್ ಫೈನಾನ್ಸ್ ಕಂಪನಿ ಮ್ಯಾಲಿನ ದೂರು ಅಲ್ಲಿಗಲ್ಲ, ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ಗ್ರಿಡ್ಸ್ ಪೋರ್ಟಲ್‌ಗೆ. ಭಾಳ ಮಂದಿ ಇದನ್ನ ತಪ್ಪು ಕಡೆ ಹಾಕಿ ತಿಂಗಳುಗಟ್ಟಲೆ ಕಾಯ್ತಾ ಕೂಡ್ತಾರ.